ಎರಡು ಹುಟ್ಟಿನ ಹೊತ್ತು

ಆ ಸರೋವರಕ್ಕೆ ಬರುವವರಿಗೆ ನೋಡಲಿಕ್ಕೆ ಏನೂ ಕಡಿಮೆ ಇರಲಿಲ್ಲ. ದಿಬ್ಬದ ನೆತ್ತಿಯಲ್ಲಿ ನಾಣ್ಯ ಹಾಕಿದರೆ ಕಣ್ಣು ಬಿಡುವ ದುರ್ಬೀನು ಇತ್ತು. ಹಕ್ಕಿಗಳ ನಡುಗಡ್ಡೆ ಇತ್ತು, ಅಲ್ಲಿ ಹಕ್ಕಿಗಿಂತ ಫೋಟೋ ತೆಗೆಯುವವರೇ ಹೆಚ್ಚು. ದಡದುದ್ದಕ್ಕೂ ಸೈಕಲ್ ದಾರಿ, ಕುದುರೆ ಸವಾರಿ, ಇನ್ನೂರು ಮೆಟ್ಟಿಲು ಇಳಿದು ಹೋಗುವ ಗುಹೆ. ಆದರೂ ಒಮ್ಮೆ ಬಂದು ಹೋದವರು ತಮ್ಮವರಿಗೆ ಹೇಳುತ್ತಿದ್ದದ್ದು ಒಂದೇ ಮಾತು: "ಬೇರೆ ಏನು ಬಿಟ್ರೂ ಬಿಡಿ, ಬಂಡೆಬಾಗಿಲ ದೋಣಿ ಮಾತ್ರ ಬಿಡಬೇಡಿ."

ಬಂಡೆಬಾಗಿಲು ಎಂದರೆ ನೀರಿನ ನಡುವಿಗೆ ಚಾಚಿಕೊಂಡ ಕಲ್ಲುಗುಡ್ಡದಲ್ಲಿನ ಒಂದು ಸೀಳು. ಎರಡೂ ಕಡೆ ಬಂಡೆಯ ಗೋಡೆ, ಮೇಲೆ ಅಡ್ಡಲಾಗಿ ಬಿದ್ದು ಕೂತ ಒಂದು ಹಾಸುಗಲ್ಲು. ಒಳತುದಿಯಲ್ಲಿ ಆ ಕಲ್ಲು ಎಷ್ಟು ಬಾಗಿದೆಯೆಂದರೆ, ದೋಣಿಯಲ್ಲಿ ಎದ್ದು ನಿಂತವನ ಟೋಪಿ ಮನೆಗೆ ವಾಪಸು ಹೋಗುವುದಿಲ್ಲ. ಈಚೆ ಹೊರಕೆರೆ, ಆಚೆ ಒಳಕೆರೆ. ಒಳಕೆರೆಯ ಕೊನೆಯಲ್ಲಿ ಹೊಳೆ ಹೊರಡುವುದರಿಂದ ನೀರು ಸದಾ ಒಳಮುಖವಾಗಿ ಎಳೆಯುತ್ತದೆ. ಹಾಗಾಗಿ ಅಲ್ಲಿಂದ ಹೋಗುವುದಷ್ಟೇ ಉಂಟು, ಬರುವುದಿಲ್ಲ. ಬರಬೇಕಾದರೆ ಗುಡ್ಡವನ್ನು ಸುತ್ತಿಕೊಂಡು ಮುಕ್ಕಾಲು ಗಂಟೆ ಹುಟ್ಟು ಹಾಕಬೇಕು. ಸೀಳಿನ ಎಡಗಡೆ ನೀರಿನಡಿಯಲ್ಲಿ ಒಂದು ಮೊನೆಗಲ್ಲಿದೆ. ಅದಕ್ಕೆ ದೋಣಿಯವರು ಇಟ್ಟ ಹೆಸರು ಹಲ್ಲು.

ಆ ಸೀಳಿನಲ್ಲಿ ದೋಣಿ ತೂರಿಸಬಲ್ಲವನು ಇಡೀ ಸರೋವರಕ್ಕೆ ಒಬ್ಬನೇ. ಅವನನ್ನು ಉಳಿದ ದೋಣಿಯವರು ಬೆನ್ನಣ್ಣ ಎಂದು ಕರೆಯುತ್ತಿದ್ದರು. ಹುಟ್ಟು ಹಾಕುವವನು ಹೋಗುವ ದಿಕ್ಕಿಗೆ ಬೆನ್ನು ಕೊಟ್ಟು ಕೂರಬೇಕಲ್ಲ? ಲೋಕವೆಲ್ಲ ದುಡ್ಡು ಕೊಟ್ಟು ನೋಡಲು ಬರುವ ನೋಟಕ್ಕೆ ನಲವತ್ತು ವರ್ಷದಿಂದ ಬೆನ್ನು ಹಾಕಿ ಕೂತವನು ಅವನು.

ಕುತ್ತಿಗೆ ತಿರುಗಿಸಿದರಾಯಿತು, ಅದೇನು ಮಹಾ ಎಂದು ಕೇಳುವವರಿದ್ದರು. ಅಲ್ಲೇ ಇರುವುದು ಕಷ್ಟ. ದೋಣಿಕಟ್ಟೆಯ ಪಕ್ಕ ಸುಣ್ಣ ಬಳಿದ ಒಂದು ಬಿಳಿಕಲ್ಲಿದೆ. ಅದರ ಹಿಂದೆ, ಏರಿನ ಮೇಲೆ, ಹಳೇ ಪಂಪ್‌ಹೌಸಿನ ಚಿಮಣಿ. ಸೀಳಿನೊಳಗೆ ಇದ್ದಷ್ಟು ಹೊತ್ತೂ ಚಿಮಣಿ ಬಿಳಿಕಲ್ಲಿನ ನೆತ್ತಿಯ ಮೇಲೆ ನೆಟ್ಟಗೆ ನಿಂತಿರಬೇಕು. ಒಂದು ಬೆರಳು ಆಚೆ ಸರಿದರೆ ಹಲ್ಲು ಕಚ್ಚಿತೆಂದೇ ಅರ್ಥ. ಹುಟ್ಟು ಅರ್ಧ ಒಳಗೆಳೆದುಕೊಂಡು, ಗಿಡ್ಡ ಗಿಡ್ಡ ಎಳೆತ ಹಾಕುತ್ತ, ಮೂವತ್ತು ಹುಟ್ಟಿನ ದೂರ ಆ ಎರಡು ಗುರುತಿನ ಮೇಲಿಂದ ಕಣ್ಣು ತೆಗೆಯುವಂತಿಲ್ಲ. ಮದುವೆಯಾದ ಹೊಸತರಲ್ಲಿ ಬೆನ್ನಣ್ಣ ಒಮ್ಮೆ ಆಸೆ ತಡೆಯದೆ ತಿರುಗಿದ್ದ. ಪೂರಾ ತಿರುಗಿಯೂ ಇರಲಿಲ್ಲ, ಹಲ್ಲು ಹಲಗೆ ಸೀಳಿತು. ನಾಲ್ಕು ಜನ ಪ್ರವಾಸಿಗರು, ಅವರ ಊಟದ ಬುಟ್ಟಿ, ಒಂದು ಛತ್ರಿ, ಎಲ್ಲ ನೀರುಪಾಲು. ಜನವನ್ನು ಮೇಲೆತ್ತಿದ. ಛತ್ರಿ ಸಿಗಲಿಲ್ಲ. ಅವನಿಗೆ ಕೆಲಸ ಕಲಿಸಿದ ಮಾವ ಬಯ್ಯಲಿಲ್ಲ, ಹೊಡೆಯಲಿಲ್ಲ. ಒಂದೇ ಮಾತು ಹೇಳಿದ: "ನೋಡೋ ಆಸೆ ಇದ್ರೆ ಟಿಕೆಟ್ ತಗೋ. ಹುಟ್ಟು ಮುಟ್ಟಬೇಡ." ಅವತ್ತಿಗೆ ಬೆನ್ನಣ್ಣನ ಕುತ್ತಿಗೆಗೆ ಬೀಗ ಬಿತ್ತು.

ಹಾಗೆಂದು ಅವನಿಗೆ ಏನೂ ಸಿಗಲಿಲ್ಲವೆಂದಲ್ಲ. ಅವನಿಗೆ ಮುಖಗಳು ಸಿಕ್ಕವು. ಎದುರು ಕೂತವರ ಮುಖದ ಮೇಲಕ್ಕೇ ಆ ಎರಡು ಗುರುತು. ಗುರುತು ನೋಡುತ್ತಲೇ ಮುಖವನ್ನೂ ಓದಬಹುದಿತ್ತು. ಎಷ್ಟು ಮುಖ! ದಾರಿಯುದ್ದಕ್ಕೂ ಜಗಳವಾಡಿಕೊಂಡು ಬಂದ ಗಂಡಹೆಂಡತಿ, ತನ್ನ ಕಾರಿನ ಬೆಲೆ ಹೇಳಿ ಮುಗಿಸದ ವ್ಯಾಪಾರಿ, ಎಂಬತ್ತು ದಾಟಿದ ಒಬ್ಬ ಮೇಷ್ಟ್ರು, ಎದೆಹಾಲು ಕುಡಿಯುವ ಕೂಸನ್ನು ಹಿಡಿದ ತಾಯಿ. ಕಡೆಯ ಹತ್ತು ಹುಟ್ಟು ಇರುವಾಗ ಎಲ್ಲರ ಮಾತೂ ತಾನಾಗಿ ನಿಲ್ಲುತ್ತಿತ್ತು. ಆಮೇಲೆ ಒಂದು ವಿಚಿತ್ರ. ಎಲ್ಲರ ಕಣ್ಣೂ ಮೊದಲು ಕೆಳಗೆ ಹೋಗುತ್ತಿತ್ತು. ನೀರಿಗೆ. ಎಲ್ಲರ ಕೈಯೂ ದೋಣಿಯ ಅಂಚನ್ನು ಗಬಕ್ಕನೆ ಹಿಡಿಯುತ್ತಿತ್ತು, ಬಿದ್ದೇಬಿಡುತ್ತೇವೆ ಎನ್ನುವ ಹಾಗೆ. ಸರಿಯಾಗಿ ಎರಡು ಹುಟ್ಟಿನ ಹೊತ್ತು ಹಾಗೆ ಇದ್ದು, ಆಮೇಲೆ ಕಣ್ಣು ಮೇಲಕ್ಕೆ, ಬಾಯಿ ತೆರೆದು, ಮುಖಕ್ಕೆ ಮುಖವೇ ಬೇರೆಯಾಗಿ ಹೋಗುತ್ತಿತ್ತು.

ಒಳಕೆರೆಗೆ ಬಂದ ಮೇಲೆ ಬೆನ್ನಣ್ಣನೂ ತಿರುಗಿ ನೋಡುತ್ತಿದ್ದ. ಹಿಮ ಹೊದ್ದ ದೊಡ್ಡ ಬೆಟ್ಟ, ಅದು ಅವನು ಸಾವಿರ ಸಲ ಕಂಡ ಬೆಟ್ಟ. ಚೆಂದವೇ, ಇಲ್ಲವೆನ್ನುವುದಿಲ್ಲ. ಆದರೆ ಅದು ಮೇಲಿತ್ತು, ಕೆಳಗೆ ಹುಟ್ಟು ಕಲಕಿದ ನೀರಷ್ಟೇ. ಜನ ಕೆಳಗೇಕೆ ನೋಡಿದರು? ಎರಡು ಹುಟ್ಟಿನ ಹೊತ್ತು ಅಲ್ಲೇನಿತ್ತು?

"ಏನ್ ಕಂಡಿರಿ?" ಎಂದು ಕೇಳಿದರೆ ಎಲ್ಲರದೂ ಒಂದೇ ಉತ್ತರ. "ಅಯ್ಯೋ, ಹೇಳೋಕಾಗಲ್ಲಪ್ಪ. ನಿಮಗೇನು, ದಿನಾ ನೋಡ್ತೀರ. ನಿಮಗೆ ಗೊತ್ತಲ್ವಾ?"

"ಗೊತ್ತು ಬಿಡಿ," ಎನ್ನುತ್ತಿದ್ದ ಬೆನ್ನಣ್ಣ.

ಅದೊಂದೇ ಅವನು ಆಡುತ್ತಿದ್ದ ಸುಳ್ಳು. ದಿನಕ್ಕೆ ಐದಾರು ಸಲ, ನಲವತ್ತು ವರ್ಷ. ಹಲ್ಲಿನ ಸಂದಿಯಲ್ಲಿ ಸಿಕ್ಕ ನಾರಿನ ಹಾಗೆ ಅದು ಅವನೊಳಗೆ ಇದ್ದೇ ಇತ್ತು.

ಆ ವರ್ಷದ ಪ್ರವಾಸದ ಕಾಲ ಮುಗಿಯುತ್ತ ಬಂದಿದ್ದಾಗ, ಒಂದು ಬುಧವಾರ, ಕೆರೆ ಕಚೇರಿಯ ಇಂಜಿನಿಯರಮ್ಮ ದೋಣಿಕಟ್ಟೆಗೆ ಬಂದಳು. ಸಣ್ಣ ವಯಸ್ಸಿನವಳು, ಮಾತು ಮೆತ್ತಗೆ, ಕಾಲಿಗೆ ಮೊಣಕಾಲುದ್ದದ ಬೂಟು. ಮೂರು ದಿನ ಹಗ್ಗ ಕಟ್ಟಿಕೊಂಡು ಗುಡ್ಡದ ಮೇಲಿಂದ ಹಾಸುಗಲ್ಲನ್ನು ಅಳೆದಿದ್ದಳು.

"ಯಜಮಾನ್ರೇ, ಕಲ್ಲು ಬಿರುಕು ಬಿಟ್ಟಿದೆ. ಹೋದ ವರ್ಷ ಬೆರಳು ತೂರ್ತಿರಲಿಲ್ಲ, ಈಗ ಕೈ ತೂರುತ್ತೆ. ಚಳಿಗಾಲದಲ್ಲಿ ನೀರು ಹೆಪ್ಪುಗಟ್ಟಿದ್ರೆ ಇನ್ನೂ ಅಗಲ ಆಗುತ್ತೆ. ಭಾನುವಾರದ ತನಕ ಓಡಿಸಿ. ಸೋಮವಾರ ಸರಪಳಿ ಹಾಕ್ತೀವಿ, ಆಮೇಲೆ ಕಲ್ಲನ್ನ ನಾವೇ ಕೆಡವ್ತೀವಿ."

"ಕೆಡವಿದ ಮೇಲೆ?"

"ದಾರಿ ಅಗಲ ಆಗುತ್ತೆ. ಮೋಟಾರು ದೋಣಿನೂ ಹೋಗಬಹುದು. ಬೆಟ್ಟ ಇಲ್ಲಿಂದಲೇ ಕಾಣುತ್ತೆ."

ಅವಳು ಒಳ್ಳೆಯ ಸುದ್ದಿಯೆಂದೇ ಹೇಳಿದಳು. ಬೆನ್ನಣ್ಣ ತಲೆಯಾಡಿಸಿದ. ಕೆಲಸ ಹೋಯಿತೆಂದು ಅವನಿಗೆ ಅನಿಸಲಿಲ್ಲ, ಅರವತ್ತನಾಲ್ಕಕ್ಕೆ ತೋಳೂ ಸಾಕು ಎನ್ನುತ್ತಿತ್ತು. ಆದರೆ ಬಾಗಿಲೇ ಹೋದ ಮೇಲೆ, ಬಾಗಿಲು ತೆರೆಯುವ ಆ ಎರಡು ಹುಟ್ಟಿನ ಹೊತ್ತು ಎಲ್ಲಿಂದ ಬಂತು? ನಾಲ್ಕು ದಿನದೊಳಗೆ ನೋಡದಿದ್ದರೆ ಆ ಸುಳ್ಳು ಅವನ ಜೊತೆಗೇ ಮಣ್ಣಿಗೆ ಹೋಗುತ್ತಿತ್ತು.

ಮರುದಿನ ಅವನು ಮೋಟಾರು ದೋಣಿಯವನ ಹತ್ತಿರ ಹೋದ. ಮೋಟಾರಿನವನು ಅವನಿಗಿಂತ ಇಪ್ಪತ್ತು ವರ್ಷ ಚಿಕ್ಕವನು, ಒಳ್ಳೆಯ ತೋಳು, ಇನ್ನೂ ಒಳ್ಳೆಯ ಬಾಯಿ.

"ಏನ್ ಬೆನ್ನಣ್ಣ, ನನ್ನ ಕಡೆ ಮುಖ ಮಾಡಿದ್ದೀಯ! ಮಳೆ ಬರುತ್ತೇನೋ ಇವತ್ತು."

"ನಗಬೇಡ. ಒಂದು ಸಲ, ಒಂದೇ ಸಲ, ನನ್ನನ್ನ ಕೂರಿಸ್ಕೊಂಡು ಬಾಗಿಲು ದಾಟಿಸ್ತೀಯಾ? ಗುರುತು ನಾನು ಹೇಳಿಕೊಡ್ತೀನಿ."

ಟಿಕೆಟ್ ಕಿಟಕಿಯ ಮುಂದಿನ ಕಟ್ಟೆಯ ಮೇಲೆ ಕೂತು, ಎರಡು ಬೆಂಕಿಪೊಟ್ಟಣ ಒಂದರ ಹಿಂದೊಂದು ಇಟ್ಟು, ಬೆನ್ನಣ್ಣ ಪಾಠ ಶುರುಮಾಡಿದ. ಇದು ಬಿಳಿಕಲ್ಲು, ಇದು ಚಿಮಣಿ. ಮೋಟಾರಿನವನು ಐದು ನಿಮಿಷ ಕೇಳಿದ.

"ಹಲ್ಲು ಬಲಕ್ಕೆ ಅಲ್ವಾ?"

"ಎಡಕ್ಕೆ ಮಾರಾಯ."

"ಯಾರ ಎಡಕ್ಕೆ? ನಿನ್ನ ಎಡಕ್ಕೋ, ದೋಣಿ ಎಡಕ್ಕೋ? ನೀನು ಹಿಂದೆ ಮುಂದಾಗಿ ಕೂತಿರ್ತೀಯಲ್ಲ!"

"ದೋಣಿ ಎಡಕ್ಕೆ. ಅಂದ್ರೆ ನಿನ್ನ ಬಲಗೈಗೆ."

"ನೋಡು, ನಾನು ಹೇಳಿದ್ದೂ ಅದೇ ತಾನೆ!"

ಟಿಕೆಟ್ ಕಿಟಕಿಯ ಒಳಗಿಂದ ಯಾರೋ ಕಿಸಕ್ಕನೆ ನಕ್ಕರು. ಬೆನ್ನಣ್ಣನ ಹೆಂಡತಿ. ಮದುವೆಯಾದಾಗಿನಿಂದ ಆ ಕಿಟಕಿಯ ಹಿಂದೆ ಕೂತವಳು. ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು ಟಿಕೆಟ್ ಹರಿದು ಕೊಡುತ್ತ, ಬಂದವರ ಚಪ್ಪಲಿ ನೋಡಿಯೇ ಯಾರು ನೀರಿಗೆ ಬೀಳುತ್ತಾರೆಂದು ಹೇಳುವವಳು.

"ಅವನನ್ನ ಬಿಟ್ಟುಬಿಡ್ರಿ ಪಾಪ, ಬೆಂಕಿಪೊಟ್ಟಣಕ್ಕೇ ಡಿಕ್ಕಿ ಹೊಡಿತಾನೆ," ಎಂದಳು. "ನಾನ್ ಹಾಕ್ತೀನಿ ಹುಟ್ಟು."

ಬೆನ್ನಣ್ಣ ಅವಳನ್ನು ನೋಡಿದ. "ನೀನಾ?"

"ಯಾಕೆ? ಆ ಬಿಳಿಕಲ್ಲಿಗೆ ಅಪ್ಪ ಮೊದಲನೇ ಸಲ ಸುಣ್ಣ ಬಳಿದಾಗ ಡಬ್ಬಿ ಹಿಡ್ಕೊಂಡು ನಿಂತಿದ್ದೋಳು ಯಾರು? ನೀವು ಈ ಕೆರೆಗೆ ಕಾಲಿಡೋಕೆ ಮುಂಚೆ ನಾನು ಅರವತ್ತು ಎಪ್ಪತ್ತು ಸಲ ಬಾಗಿಲು ದಾಟಿಸಿದ್ದೀನಿ. ಗಂಡುಮಗ ಇಲ್ಲ ಅಂತ ಅಪ್ಪ ನನಗೇ ಕಲಿಸಿದ್ದ. ಅಳಿಯ ಬಂದ, ಹುಟ್ಟು ಅಳಿಯನ ಕೈಗೆ ಹೋಯ್ತು, ಕಿಟಕಿ ನನ್ನ ಪಾಲಿಗೆ ಬಂತು."

ಇದು ಬೆನ್ನಣ್ಣನಿಗೆ ಗೊತ್ತಿಲ್ಲದ್ದೇನಲ್ಲ. ಗೊತ್ತಿದ್ದೂ ನಲವತ್ತು ವರ್ಷದಲ್ಲಿ ಒಂದು ದಿನವೂ ನೆನಪಿಗೆ ಬಂದಿರಲಿಲ್ಲ, ಅಷ್ಟೇ. ಅವನಿಗೆ ಮುಖ ಎತ್ತಲಾಗಲಿಲ್ಲ. ಮೆಲ್ಲಗೆ ಕೇಳಿದ, "ನೀನು ಆ ನೋಟ ನೋಡಿದ್ದೀಯಾ?"

"ಎಂಟು ವರ್ಷದೋಳಿದ್ದಾಗ. ಒಂದು ಸಲ. ಅಪ್ಪ ಎದುರಿಗೆ ಕೂರಿಸ್ಕೊಂಡಿದ್ದ."

"ಏನಿತ್ತು?"

"ಹೇಳಿದ್ರೆ ಮುಗೀತಲ್ಲ," ಎಂದು ಅವಳು ಕನ್ನಡಕ ಮೇಲೇರಿಸಿದಳು. "ಭಾನುವಾರ ಬೆಳಿಗ್ಗೆ ಬೇಗ ಎದ್ದೇಳಿ. ಗಾಳಿ ಏಳೋಕೆ ಮುಂಚೆ ಹೋಗಬೇಕು."

ಭಾನುವಾರ ಬೆಳಕು ಹರಿಯುವ ಹೊತ್ತಿಗೆ ಇಬ್ಬರೂ ದೋಣಿಕಟ್ಟೆಯಲ್ಲಿದ್ದರು. ಸರೋವರದ ಮೇಲೆ ಗೆರೆಯಷ್ಟೂ ಅಲೆ ಇರಲಿಲ್ಲ. ನಡುಗಡ್ಡೆಯ ಹಕ್ಕಿಗಳು ಆಗಷ್ಟೇ ಗಂಟಲು ಸರಿಮಾಡಿಕೊಳ್ಳುತ್ತಿದ್ದವು. ಅವಳು ಸೀರೆಯ ಸೆರಗನ್ನು ಸೊಂಟಕ್ಕೆ ಬಿಗಿದು, ಅಂಗೈಗೆ ಬಟ್ಟೆ ಸುತ್ತಿಕೊಂಡು, ಗಂಡ ಕೂರುವ ಹಲಗೆಯ ಮೇಲೆ ಕೂತಳು. ಬೆನ್ನಣ್ಣ ಹಿಂದಿನ ಹಲಗೆಯ ಮೇಲೆ, ಪ್ರವಾಸಿಗರ ಜಾಗದಲ್ಲಿ. ಕೈ ಎಲ್ಲಿಡಬೇಕೆಂದು ಅವನಿಗೆ ತಿಳಿಯಲಿಲ್ಲ. ಮೊದಲು ತೊಡೆಯ ಮೇಲಿಟ್ಟ, ಆಮೇಲೆ ಕಟ್ಟಿಕೊಂಡ.

"ಹೆಣ್ಣು ನೋಡೋಕೆ ಬಂದೋರ ಥರ ಕೂತಿದ್ದೀರಲ್ಲ," ಎಂದು ಅವಳು ಮೊದಲ ಹುಟ್ಟು ಎಳೆದಳು.

ಮೊದಮೊದಲು ದೋಣಿ ಕುಡಿದವನ ಹಾಗೆ ಅತ್ತಿತ್ತ ತೂಗಿತು. ಇಪ್ಪತ್ತು ಹುಟ್ಟಿನಲ್ಲಿ ಅವಳ ಕೈಗೆ ನೆನಪು ಬಂತು. ಅದು ಮಾವನ ಎಳೆತ, ಕಡೆಗೆ ಸಣ್ಣಗೆ ಮಣಿಕಟ್ಟು ತಿರುಗಿಸುವ ಎಳೆತ. ಬೆನ್ನಣ್ಣ ಎಷ್ಟು ವರ್ಷ ಕಲಿತರೂ ಬರಲಿಲ್ಲ, ಇವಳಿಗೆ ರಕ್ತದಲ್ಲೇ ಇತ್ತು.

ಸೀಳಿನ ಬಾಯಿ ಬಂತು. ತಣ್ಣನೆಯ ನೆರಳು ಮೈಮೇಲೆ ಬಿತ್ತು. ನೀರಿನ ಎಳೆತ ದೋಣಿಯನ್ನು ಹಿಡಿದುಕೊಂಡಿತು. ಹುಟ್ಟು ಅರ್ಧ ಒಳಗೆ ಬಂತು. ಟಪ್, ಟಪ್, ಗಿಡ್ಡ ಎಳೆತಗಳು. ಅವಳ ಕಣ್ಣು ಅವನ ಭುಜದ ಮೇಲಿಂದ ಹಾದು ದಡದ ಮೇಲೆ ನೆಟ್ಟಿತ್ತು. ಬೆನ್ನಣ್ಣ ಮನಸ್ಸಿನಲ್ಲೇ ಎಣಿಸುತ್ತಿದ್ದ. ಹದಿನೆಂಟು, ಹತ್ತೊಂಬತ್ತು. ಈಗ ಹಲ್ಲು ಬರಬೇಕು. ಚಿಮಣಿ ಕಲ್ಲಿನ ಮೇಲೆ ಇದೆಯೋ ಇಲ್ಲವೋ? ಇವಳ ಕಣ್ಣಿಗೆ ಕನ್ನಡಕದಲ್ಲಿ ಅಷ್ಟು ದೂರ ಕಾಣುತ್ತದೋ ಇಲ್ಲವೋ? ಇಪ್ಪತ್ತೆರಡು, ಇಪ್ಪತ್ತಮೂರು. ಅವನ ಕುತ್ತಿಗೆ ತನ್ನಷ್ಟಕ್ಕೆ ತಾನೇ ಹಿಂದಕ್ಕೆ ತಿರುಗಿತು. ಬಿಳಿಕಲ್ಲಿನ ನೆತ್ತಿಯ ಮೇಲೆ ಚಿಮಣಿ ಕೂದಲೆಳೆಯಷ್ಟೂ ಸರಿಯದೆ ನಿಂತಿತ್ತು. ಹಾಗೇ ನೋಡಿದ. ನೋಡುತ್ತಲೇ ಇದ್ದ.

"ರೀ!"

ತಿರುಗುವಷ್ಟರಲ್ಲಿ ಒಳಕೆರೆಗೆ ಬಂದಾಗಿತ್ತು. ಮುಂದೆ ಬೆಟ್ಟ ನಿಂತಿತ್ತು, ಸಾವಿರ ಸಲ ಕಂಡ ಹಾಗೇ.

ಅವಳು ಹುಟ್ಟು ಬಿಟ್ಟು ಅವನನ್ನು ದುರುದುರು ನೋಡಿದಳು. "ಯಾವ ಕಡೆ ನೋಡ್ತಿದ್ರಿ?"

"ಗುರುತು..."

"ಗುರುತು! ಜನ್ಮಕ್ಕೊಂದು ಸಲ ಮುಂದೆ ನೋಡ್ರೀ ಅಂತ ಕೂರಿಸಿದ್ರೆ, ಆವಾಗಲೂ ಹಿಂದಕ್ಕೇ! ನನ್ನ ಮೇಲೆ ನಂಬಿಕೆ ಇಲ್ಲ ಅಂತ ಹೇಳಿಬಿಡಿ, ಆಯ್ತು."

ನಂಬಿಕೆ ಇಲ್ಲವೆಂದರೆ ಸುಳ್ಳು, ಇತ್ತು ಎಂದರೆ ಅದಕ್ಕಿಂತ ದೊಡ್ಡ ಸುಳ್ಳು. ಸೂರ್ಯ ಇನ್ನೂ ಗುಡ್ಡದ ಹಿಂದಿದ್ದ. ಅವಳ ಅಂಗೈಯ ಬಟ್ಟೆಯ ಮೇಲೆ ಒಂದು ಕಡೆ ಕೆಂಪಗೆ ಕಂಡಿತು. ಅವಳು ಬಚ್ಚಿಡುವಷ್ಟರಲ್ಲಿ ಅವನು ನೋಡಿಬಿಟ್ಟ.

"ಕೊಡು ಹುಟ್ಟು. ಗುಡ್ಡ ಸುತ್ತೋತನಕ ನಾನು ಹಾಕ್ತೀನಿ. ಆಮೇಲೆ..." ಎಂದು ತಡೆದ. "ಆಮೇಲೆ ಇನ್ನೊಂದು ಸಲ ಕರ್ಕೊಂಡು ಹೋಗ್ತೀಯಾ?"

"ಈ ಸಲ ತಿರುಗಿದ್ರೆ ಹುಟ್ಟಲ್ಲೇ ಒಂದು ಬಿಡ್ತೀನಿ."

"ಬಿಡು."

ಗುಡ್ಡ ಸುತ್ತಿ ಮತ್ತೆ ಸೀಳಿನ ಬಾಯಿಗೆ ಬರುವಾಗ ದೂರದಲ್ಲಿ ನೀರಿನ ಮೈ ಸಣ್ಣಗೆ ಜುಮ್ಮೆನ್ನತೊಡಗಿತ್ತು. ಗಾಳಿ ಎದ್ದೇಳುವ ಸೂಚನೆ. ಜಾಗ ಬದಲಾಯಿಸಿದರು. ಅವಳು ಕನ್ನಡಕ ತೆಗೆದು ಅವನ ಕೈಗೆ ಕೊಟ್ಟಳು. "ದೂರದ್ದು ನನಗೆ ಇದಿಲ್ಲದೇ ಚೆನ್ನಾಗಿ ಕಾಣುತ್ತೆ. ಇದನ್ನ ಹಿಡ್ಕೊಂಡು ಸುಮ್ನೆ ಕೂತಿರಿ. ಎಣಿಸಬೇಡಿ."

ಅವನು ಎಣಿಸಲಿಲ್ಲ. ಕನ್ನಡಕವನ್ನು ಮಡಿಲಲ್ಲಿ ಹಿಡಿದು, ಬಂಡೆ ಬಂದರೆ ಬರಲಿ, ಹಲ್ಲು ಕಚ್ಚಿದರೆ ಕಚ್ಚಲಿ ಎಂದು ಕೂತ. ಟಪ್, ಟಪ್. ಮುಂದೆ ಅವಳ ತಲೆ, ಅದರಾಚೆ ಕತ್ತಲ ಚೌಕಟ್ಟಿನೊಳಗೆ ಒಂದು ಬೆಳಕಿನ ಪಟ್ಟಿ. ಅದರಲ್ಲಿ ಆಚೆ ದಡದ ಕಪ್ಪು ಮರಗಳು ಮಾತ್ರ. ಹಾಸುಗಲ್ಲು ಉಳಿದದ್ದನ್ನೆಲ್ಲ ಮುಚ್ಚಿತ್ತು.

ಆಗ ನೀರು ಬೆಳಗಿತು.

ಬೆಟ್ಟ ಇನ್ನೂ ಮೇಲೆ ಕಾಣಿಸಿರಲಿಲ್ಲ, ನೀರಿನೊಳಗಿಂದ ಬಂತು. ಮೊದಲು ತುದಿ, ಬೆಳ್ಳಗೆ, ಸೂರ್ಯನ ಮೊದಲ ಕೆಂಪು ಹತ್ತಿದ ತುದಿ. ದೋಣಿಯ ಮೂಗಿನ ಪಕ್ಕದಲ್ಲಿ, ಆ ಕಡುಗಪ್ಪು ನೀರಿನ ಆಳದಿಂದ ಅದು ಅವನ ಕಡೆಗೇ ಜಾರಿ ಬಂತು. ಅದರ ಹಿಂದೆ ಹೆಗಲು, ಹೆಗಲ ಹಿಂದೆ ಹಿಮದ ಬಯಲು, ಒಂದು ಇಡೀ ಬೆಟ್ಟ ತಲೆಕೆಳಗಾಗಿ ತೆರೆದುಕೊಳ್ಳುತ್ತ ದೋಣಿಯ ಅಡಿಗೇ ಬರತೊಡಗಿತು. ನೀರು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಕೆಳಗೆ ತಳವಿರಲಿಲ್ಲ. ಆಕಾಶವಿತ್ತು. ಒಂದು ಹಲಗೆ, ಅದರ ಮೇಲೆ ಅವನು, ಅದರ ಕೆಳಗೆ ಬೆಟ್ಟದ ತುದಿಗಿಂತಲೂ ಆಳಕ್ಕೆ ಇಳಿಯುತ್ತ ಹೋದ ಬೆಳಗಿನ ಆಕಾಶ. ನಲವತ್ತು ವರ್ಷ ತಾನು ಹುಟ್ಟು ಅದ್ದಿದ್ದು ಇದರೊಳಗೋ? ಇದರ ಮೇಲೋ ತಾನು ದಿನಾ ಹಾದು ಹೋದದ್ದು?

ಕೈ ಗಬಕ್ಕನೆ ದೋಣಿಯ ಅಂಚನ್ನು ಹಿಡಿಯಿತು.

ಒಂದು ಹುಟ್ಟು. ಇನ್ನೊಂದು ಹುಟ್ಟು. ಹಾಸುಗಲ್ಲು ತಲೆಯ ಮೇಲಿಂದ ಹಿಂದಕ್ಕೆ ಸರಿಯಿತು. ಕೆಳಗಿದ್ದದ್ದು ಮೇಲೂ ಎದ್ದು ನಿಂತಿತು. ಎರಡು ಬೆಟ್ಟ, ಬುಡಕ್ಕೆ ಬುಡ ಕೊಟ್ಟು, ನಡುವೆ ಮರಗಳ ಒಂದು ಕಪ್ಪುಗೆರೆ. ಅವನ ಬಾಯಿ ತೆರೆದದ್ದು ಅವನಿಗೆ ತಿಳಿಯಲಿಲ್ಲ. ತಾನು ಇಷ್ಟು ಸಣ್ಣವನೆಂದು ಅವನಿಗೆ ಯಾರೂ ಹೇಳಿರಲಿಲ್ಲ. ಸಣ್ಣವನಾಗಿರುವುದು ಇಷ್ಟು ಹಗುರವೆಂದೂ ಹೇಳಿರಲಿಲ್ಲ.

ದೋಣಿ ಒಳಕೆರೆಯಲ್ಲಿ ತಾನಾಗಿ ನಿಂತಿತು. ಹುಟ್ಟಿನಿಂದ ಹನಿ ಬೀಳುವ ಸದ್ದು ಮಾತ್ರ. ಅವಳು ಗುರುತು ಬಿಟ್ಟು ಅವನ ಮುಖವನ್ನೇ ನೋಡುತ್ತಿದ್ದಳು.

ಆಮೇಲೆ ಕೇಳಿದಳು, "ಹೇಳಿ. ಹೇಗಿತ್ತು?"

ಬೆನ್ನಣ್ಣ ಒಮ್ಮೆ ನೀರನ್ನು, ಒಮ್ಮೆ ಬೆಟ್ಟವನ್ನು ನೋಡಿದ.

"ಹೇಳೋಕಾಗಲ್ಲ ಕಣೇ."

ಅವಳು ನಕ್ಕಳು. ಹೊಟ್ಟೆ ಹಿಡಿದುಕೊಂಡು, ದೋಣಿ ಅಲ್ಲಾಡುವ ಹಾಗೆ ನಕ್ಕಳು. "ನಲವತ್ತು ವರ್ಷ ಮನೆಗೆ ಬಂದು ನನ್ನ ತಲೆ ತಿಂದಿದ್ದೀರಿ, ಒಬ್ಬರಿಗೂ ಹೇಳೋಕೆ ಬರಲ್ಲ, ಓದಿದೋರಿಗೂ ಬರಲ್ಲ ಅಂತ. ಈಗ?" ನಗುತ್ತಲೇ ಕಣ್ಣು ಒರೆಸಿಕೊಂಡಳು. "ನನ್ನ ಕನ್ನಡಕ ಕೊಡಿ ಇಲ್ಲಿ. ಮುರಿದುಬಿಟ್ಟೀರಾ."

ನಿಜಕ್ಕೂ ಒಂದು ಕಡ್ಡಿ ಬಗ್ಗಿತ್ತು.

ಆ ದಿನ ಜನ ಕಿಕ್ಕಿರಿದು ಬಂದರು. ಕಡೆಯ ದಿನವೆಂಬ ಸುದ್ದಿ ಹರಡಿತ್ತು. ಮೋಟಾರಿನವನು ಸಾಲು ನಿಲ್ಲಿಸುವ ಕೆಲಸಕ್ಕೆ ನಿಂತು, "ಒಬ್ಬೊಬ್ಬರೇ ಬನ್ನಿ, ಬೆಟ್ಟ ಎಲ್ಲೂ ಹೋಗಲ್ಲ," ಎಂದು ಕೂಗುತ್ತಿದ್ದ. ಬಗ್ಗಿದ ಕನ್ನಡಕ ಓರೆಯಾಗಿ ಮೂಗಿನ ಮೇಲಿಟ್ಟುಕೊಂಡು, ಬಟ್ಟೆ ಸುತ್ತಿದ ಕೈಯಲ್ಲಿ ಅವಳು ಟಿಕೆಟ್ ಹರಿಯುತ್ತಿದ್ದಳು. ಬೆನ್ನಣ್ಣ ಸಂಜೆಯ ತನಕ ಎಂಟು ಸಲ ಬಾಗಿಲು ದಾಟಿಸಿದ. ಗಾಳಿ ಬಂದಾಗ ನೀರು ಚೂರಾಯಿತು, ಆಗಲೂ ಜನರ ಕಣ್ಣು ಕೆಳಗೇ ಹೋದವು. ಚೂರಿನಲ್ಲೂ ಏನೋ ಕಂಡರು. ಈಗ ಅವನಿಗೆ ಪ್ರತಿ ಮುಖದಲ್ಲೂ ಬೆಟ್ಟ ಕಾಣುತ್ತಿತ್ತು. ತುದಿ ಯಾವಾಗ ಬಂತು, ಹೆಗಲು ಯಾವಾಗ ಬಂತು, ಎಲ್ಲ ಕಾಣುತ್ತಿತ್ತು. ತಿರುಗಬೇಕೆಂದು ಕುತ್ತಿಗೆಗೆ ಒಮ್ಮೆಯೂ ಅನಿಸಲಿಲ್ಲ.

ಗಾಳಿ ಬಿದ್ದ ಮೇಲೆ ಕಡೆಯ ದೋಣಿ ಹೊರಟಿತು. ಕಡೆಯ ಟಿಕೆಟ್ ತೆಗೆದುಕೊಂಡಿದ್ದವಳು ಇಂಜಿನಿಯರಮ್ಮ. ಬೂಟು ಕೈಯಲ್ಲಿ ಹಿಡಿದು ಬರಿಗಾಲಲ್ಲಿ ಹತ್ತಿದಳು.

"ಮೇಲಿಂದಲೇ ಅಳೆದಿದ್ದು ನಾನು," ಎಂದಳು ನಾಚಿಕೊಂಡು. "ಒಳಗೆ ಯಾವತ್ತೂ ಹೋಗಿಲ್ಲ. ಹೋಗದೇ ಕೆಡವೋದು ಸರಿ ಅನಿಸಲಿಲ್ಲ."

ಸೀಳಿನೊಳಗೆ ಅವಳು ಮೊದಮೊದಲು ಕತ್ತೆತ್ತಿ ಬಿರುಕನ್ನೇ ನೋಡುತ್ತಿದ್ದಳು, ಕೆಲಸದವರ ಕಣ್ಣಿನಿಂದ. ಬೆನ್ನಣ್ಣ ಬಿಳಿಕಲ್ಲಿನ ಮೇಲೆ ಚಿಮಣಿ ನಿಲ್ಲಿಸಿ ಹುಟ್ಟು ಹಾಕಿದ. ಕಡೆಯ ಹತ್ತರಲ್ಲಿ ಅವಳು ಕತ್ತು ಇಳಿಸಿದಳು. ಕಣ್ಣು ನೀರಿಗೆ ಹೋಯಿತು. ಒಂದು ಬೂಟು ಕೈಯಿಂದ ಜಾರಿ ದೋಣಿಯೊಳಗೆ ಬಿತ್ತು. ಕೈ ಅಂಚನ್ನು ಹಿಡಿಯಿತು. ಎರಡು ಹುಟ್ಟಿನ ಹೊತ್ತು. ಆಮೇಲೆ ಮುಖ ಮೇಲೆದ್ದಿತು.

ಒಳಕೆರೆಯಲ್ಲಿ ಅವಳು ಬಿದ್ದ ಬೂಟನ್ನು ಎತ್ತಿಕೊಂಡಳು. ಆಮೇಲೆ ಮೆಲ್ಲಗೆ, "ಯಜಮಾನ್ರೇ, ಕಲ್ಲಂತೂ ತಾನಾಗೇ ಬೀಳುತ್ತೆ. ಜನ ಇರೋವಾಗ ಬೀಳೋದಕ್ಕಿಂತ..."

"ಬೀಳಲಿ ತಾಯಿ. ಬೀಳಬೇಕಾದ್ದೇ ಅದು."

"ಅಲ್ಲ, ಆದರೂ..." ಅವಳ ಕಣ್ಣು ಮತ್ತೆ ನೀರಿಗೆ ಹೋಯಿತು. "ಅದು ಹೇಗೆ ಬಂತು ಅಂದ್ರೆ... ನನಗೆ ಹೇಳೋಕೆ..."

ಬೆನ್ನಣ್ಣ ಹುಟ್ಟನ್ನು ನೀರಿಗೆ ಇಳಿಸಿದ. ಗುಡ್ಡ ಸುತ್ತಿ ಮನೆಗೆ ಮುಕ್ಕಾಲು ಗಂಟೆಯ ದಾರಿ, ಸೀಳಿನಾಚೆ ದೂರದಲ್ಲಿ ಟಿಕೆಟ್ ಕಿಟಕಿಯಲ್ಲಿ ದೀಪ ಹತ್ತಿತ್ತು.

"ಗೊತ್ತು ಬಿಡಿ," ಎಂದ.